ಎಡಗೈ ಕಿವಿ ಮುಟ್ಟುವವರೆಗೆ

ಆ ವರ್ಷ ನಾನು ಜನರ ಮುಖ ನೋಡುವುದನ್ನು ಬಿಟ್ಟು ಕೈ ನೋಡಲು ಶುರುಮಾಡಿದ್ದೆ. ಎದುರುಮನೆಯಾಕೆ ಬೆಳಿಗ್ಗೆ ಜಗಲಿಯ ಮೇಲೆ ನಿಂತು ಜಡೆಗೆ ಕನಕಾಂಬರ ಮುಡಿಯುತ್ತಿದ್ದಳು. ಎರಡು ಕೈಗಳೂ ತಲೆಯ ಹಿಂದಕ್ಕೆ ಹೋಗಿ, ಕಣ್ಣಿಗೆ ಕಾಣದ ಕಡೆ ಏನೋ ಕಸರತ್ತು ಮಾಡಿ, ಹೂವನ್ನು ಸರಿಯಾದ ಜಾಗಕ್ಕೆ ಸಿಕ್ಕಿಸಿ ವಾಪಸ್ಸು ಬರುತ್ತಿದ್ದವು. ಹಾಗೆ ಮಾಡುವಾಗ ಅವಳು ಹಾಲಿನವನ ಜೊತೆ ನೀರು ಬೆರೆಸಿದ್ದಕ್ಕೆ ಜಗಳವನ್ನೂ ಆಡುತ್ತಿದ್ದಳು. ಅವಳಿಗೆ ತನ್ನ ಕೈ ಮೇಲೆ ಹೋಗಿದೆ ಎಂಬ ಪರಿವೆಯೇ ಇರಲಿಲ್ಲ. ನನ್ನ ಹೊಟ್ಟೆಯಲ್ಲಿ ಯಾರೋ ಒಣಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು. ಹೊಟ್ಟೆಕಿಚ್ಚು ಪಡಲು ಜನ ಒಡವೆ ನೋಡುತ್ತಾರೆ, ಮನೆ ನೋಡುತ್ತಾರೆ. ನಾನು ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತ ಕೈಗಳನ್ನು ನೋಡಿ, ಇಳಿಯುವವರೆಗೂ ಉರಿಯುತ್ತಿದ್ದೆ.

ಕೈ ಎತ್ತುವುದೇ ನನ್ನ ಕೆಲಸವಾಗಿತ್ತು. ಯಲಹಂಕದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಡ್ರಿಲ್ ಟೀಚರ್. ಅರವತ್ತರ ದಶಕದಲ್ಲಿ ಹೆಂಗಸೊಬ್ಬಳು ಸೆರಗನ್ನು ಸೊಂಟಕ್ಕೆ ಬಿಗಿದು, ಬಿಳಿ ಕ್ಯಾನ್ವಾಸ್ ಷೂ ಹಾಕಿಕೊಂಡು, ಬಾಯಲ್ಲಿ ವಿಷಲ್ ಇಟ್ಟುಕೊಂಡು ಬಯಲಲ್ಲಿ ನಿಂತರೆ ದಾರಿಯಲ್ಲಿ ಹೋಗುವ ಎತ್ತಿನ ಗಾಡಿಯೂ ನಿಂತು ನೋಡುತ್ತಿತ್ತು. ನೋಡಲಿ ಎಂದೇ ನಾನೂ ನಿಲ್ಲುತ್ತಿದ್ದೆ. ಧ್ವಜದ ಕಂಬದ ಕೆಳಗಿನ ಕಲ್ಲುಕಟ್ಟೆ ನನ್ನದು. ಅದರ ಮೇಲೆ ನಾನು ಹತ್ತಿದರೆ ಬಯಲಿನಲ್ಲಿದ್ದ ಹುಡುಗಿಯರ ಪಿಸುಮಾತೆಲ್ಲ ಅಡಗುತ್ತಿತ್ತು.

ಡ್ರಿಲ್ ಹೇಳಿಕೊಡುವವರು ಮಕ್ಕಳಿಗೆ ಎದುರಾಗಿ ನಿಲ್ಲುತ್ತಾರೆ. ಆದ್ದರಿಂದ ಬಾಯಲ್ಲಿ ‘ಬಲಗೈ ಮೇಲೆ’ ಎಂದು ಕೂಗುವಾಗ ತಾವು ಎಡಗೈ ಎತ್ತಬೇಕು. ಮಕ್ಕಳು ಕನ್ನಡಿ ನೋಡಿದ ಹಾಗೆ ನೋಡಿ ತಮ್ಮ ಬಲಗೈ ಎತ್ತುತ್ತವೆ. ಹೊಸದಾಗಿ ಸೇರಿದ ಮಕ್ಕಳಿಗೆ ನನ್ನ ಮೊದಲ ಪಾಠ ಇದೊಂದೇ: ನಾನು ಹೇಳಿದ ಹಾಗೆ ಮಾಡಬೇಡಿ, ಮಾಡಿದ ಹಾಗೆ ಮಾಡಿ. ಇದನ್ನು ಬೈದು, ಕಿವಿ ಹಿಂಡಿ, ಮುದ್ದು ಮಾಡಿ, ಅವುಗಳ ತಲೆಗೆ ಮೊಳೆ ಹೊಡೆದ ಹಾಗೆ ಹೊಡೆದಿದ್ದೆ. ಈ ಕೆಲಸದಿಂದ ನನಗೇ ಎಡಬಲ ಮರೆತುಹೋಗಿತ್ತು. ಜಟಕಾದವನಿಗೆ ಬಲಕ್ಕೆ ಹೋಗಪ್ಪ ಎಂದು ಎಡಕ್ಕೆ ಕೈ ತೋರಿಸಿ ಎಷ್ಟೋ ಸಲ ಬೈಸಿಕೊಂಡಿದ್ದೇನೆ.

ಗಂಟು ಬಂದದ್ದು ಎಡ ಎದೆಯಲ್ಲಿ. ನಮ್ಮ ಕಡೆ ಆಗ ಕ್ಯಾನ್ಸರ್ ಎಂಬ ಮಾತನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ದುರ್ಮಾಂಸ ಎನ್ನುತ್ತಿದ್ದರು, ಅದನ್ನೂ ಅತ್ತಿತ್ತ ನೋಡಿ ಹೇಳುತ್ತಿದ್ದರು. ಸಿಟಿಯ ದೊಡ್ಡಾಸ್ಪತ್ರೆಯಲ್ಲಿ ಎದೆಯನ್ನೂ ಕಂಕುಳಿನ ಗಂಟುಗಳನ್ನೂ ತೆಗೆದರು. ಗಾಯ ಮಾಗಿದ ಮೇಲೆ ಕರೆಂಟು ಕೊಟ್ಟರು, ರೇಡಿಯೇಷನ್ನಿಗೆ ನಾವು ಹಾಗೆನ್ನುತ್ತಿದ್ದೆವು. ಚರ್ಮ ಕಾವಲಿಯ ಮೇಲೆ ಸೀದ ರೊಟ್ಟಿಯ ಹಾಗೆ ಕಪ್ಪಾಯಿತು. ಹೊರಡುವ ದಿನ ನರ್ಸಮ್ಮನೊಬ್ಬಳು ನನ್ನನ್ನು ಗೋಡೆಗೆ ಎದುರಾಗಿ ನಿಲ್ಲಿಸಿ, ಎಡಗೈ ಬೆರಳುಗಳನ್ನು ಒಂದೊಂದಾಗಿ ಗೋಡೆ ಹತ್ತಿಸುವುದನ್ನು ತೋರಿಸಿದಳು. ದಿನಾ ಮಾಡದಿದ್ದರೆ ಭುಜ ಹಿಡಿದುಕೊಳ್ಳುತ್ತದೆ ಎಂದಳು. ಡ್ರಿಲ್ ಟೀಚರಿಗೇ ಡ್ರಿಲ್ ಹೇಳಿಕೊಡುತ್ತಿದ್ದಾಳಲ್ಲ ಎಂದು ನಾನು ಒಳಗೊಳಗೇ ನಕ್ಕೆ.

ಮನೆಯಲ್ಲಿ ಅಮ್ಮ ಕಾದಿದ್ದಳು. ಪುಟ್ಟೇನಹಳ್ಳಿಯಿಂದ ಬರುವಾಗಲೇ ಬೆಳ್ಳುಳ್ಳಿ, ಮೆಣಸು, ಹರಳೆಣ್ಣೆ, ಹಳೇ ಪಂಚೆ ಎಲ್ಲವನ್ನೂ ಗಂಟು ಕಟ್ಟಿಕೊಂಡು ಬಂದಿದ್ದಳು. ನಮಗೆ ಮಕ್ಕಳಾಗಲಿಲ್ಲ. ಒಬ್ಬಳೇ ಮಗಳ ಬಾಣಂತನ ಮಾಡಬೇಕೆಂಬ ಆಸೆ ಅವಳಲ್ಲಿ ಹಾಗೇ ಉಳಿದಿತ್ತು. ಆಸ್ಪತ್ರೆಯಿಂದ ಬಂದ ಹೆಂಗಸು ಎಂದರೆ ಅವಳ ಲೆಕ್ಕದಲ್ಲಿ ಹಸಿ ಮೈಯವಳು. ಹೆತ್ತು ಬಂದಳೋ ಕೊಯ್ಯಿಸಿಕೊಂಡು ಬಂದಳೋ ಎಂಬ ಭೇದ ಅವಳಿಗಿರಲಿಲ್ಲ. ನನ್ನನ್ನು ನಡುಮನೆಯ ಕತ್ತಲೆ ಕೋಣೆಗೆ ಸೇರಿಸಿದಳು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಊಟಕ್ಕೆ ಮೆಣಸಿನ ಸಾರು. ಬಾಣಂತಿಯ ಹೊಟ್ಟೆಗೆ ಸುತ್ತುವ ಪಂಚೆಯನ್ನು ನನ್ನ ಎದೆಗೆ ಸುತ್ತಿ, ಎಡಗೈಯನ್ನೂ ಅದರೊಳಗೇ ಸೇರಿಸಿ ಬಿಗಿದು ಕಟ್ಟಿದಳು.

ನರ್ಸಮ್ಮ ಹೇಳಿದ್ದನ್ನು ನಾನು ಒಂದು ಸಲ ಬಾಯಿಬಿಟ್ಟೆ. ಅಮ್ಮ ನನ್ನ ಬಾಯಿ ಮುಚ್ಚಿಸಿದಳು.

“ಅಸಿ ಮೈ ಕಣವ್ವಾ. ಮ್ಯಾಲೆ ಮಾಗಿದ್ರೂ ಒಳಗೆ ಮಾಗಿರಾಕಿಲ್ಲ. ಕೈ ಎತ್ತಬ್ಯಾಡ, ಸುಮ್ಕೆ ಮನೀಕೋ.”

ನನಗೂ ಅದು ಹಿತವಾಗಿಯೇ ಇತ್ತು. ಕೇರಿಯಲ್ಲಿ ಬಾಣಂತಿಯರಿದ್ದ ಮನೆಯ ಮುಂದೆ ಸಾಂಬ್ರಾಣಿ ಹೊಗೆಯ ವಾಸನೆ ಹಿಡಿಯುತ್ತಾ ಎಷ್ಟು ವರ್ಷ ಹೊಟ್ಟೆ ಉರಿಸಿಕೊಂಡು ನಡೆದಿದ್ದೆನೋ! ಈಗ ಅದೇ ಹೊಗೆ ನನ್ನ ಕೂದಲಿಗೆ ಹಾಕುತ್ತಿದ್ದರು. ಯಶವಂತಪುರದ ಗೂಡ್ಸ್ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದ ನನ್ನ ಗಂಡ ಸಂಜೆ ಬಂದು ಬಾಗಿಲಲ್ಲಿ ನಿಂತು, ಒಳಗೆ ಬರಬಹುದೇ ಎಂದು ಅತ್ತೆಯನ್ನು ಕೇಳಿ ಬರುತ್ತಿದ್ದರು. ನಾನು ರಾಣಿಯ ಹಾಗೆ ಮಲಗಿದ್ದೆ.

ಮೂರು ತಿಂಗಳು ತುಂಬಿದ ಮೇಲೆ ಅಮ್ಮ ಶಾಸ್ತ್ರವಾಗಿ ಎಣ್ಣೆ ಹಚ್ಚಿ, ನೀರು ಹಾಕಿ, ಪಂಚೆ ಬಿಚ್ಚಿದಳು. ಹಣೆಗೆ ಇಟ್ಟುಕೊಳ್ಳಲು ಎಡಗೈಯಲ್ಲಿ ಕನ್ನಡಿ ಎತ್ತಲು ಹೋದೆ. ಕೈ ಭುಜದ ಮಟ್ಟಕ್ಕೂ ಬರಲಿಲ್ಲ. ಕಂಕುಳಿನಿಂದ ಮೊಣಕೈವರೆಗೆ ಒಳಗೊಂದು ತಂತಿ ಬಿಗಿದು ನಿಂತಿತ್ತು. ಬೆರಳಿಂದ ಒತ್ತಿದರೆ ಸಿಗುತ್ತಿತ್ತು. ಬಲವಂತ ಮಾಡಿದರೆ ಕಣ್ಣು ಕತ್ತಲೆ ಬರುವಷ್ಟು ನೋವು. ಅಮ್ಮ ಸ್ವಲ್ಪ ಹೊತ್ತು ನೋಡಿ, ಇನ್ನೊಂದು ತಿಂಗಳು ಕಟ್ಟಿದರೆ ಸರಿಹೋದೀತು ಎಂದಳು. ಅವಳನ್ನು ಬೈಯುವುದು ಹೇಗೆ? ಅವಳ ಜೀವಮಾನದ ಆಸೆ ತೀರಿಸಿಕೊಂಡಿದ್ದಳು. ಪಂಚೆಯನ್ನು ಮಾತ್ರ ನಾನು ಒಲೆಗೆ ಹಾಕಿದೆ.

ಬೇಸಿಗೆ ರಜ ಮುಗಿದು ಶಾಲೆಗೆ ಹೋದಾಗ ಕಟ್ಟೆಯ ಮೇಲೆ ಅವಳು ನಿಂತಿದ್ದಳು.

ನಾನು ರಜದಲ್ಲಿದ್ದಾಗ ತೆಗೆದುಕೊಂಡ ಬದಲಿ ಟೀಚರ್. ಯಶವಂತಪುರದಿಂದ ಬೆಳಗಿನ ರೈಲಿನಲ್ಲಿ ಬರುತ್ತಿದ್ದಳು. ವಯಸ್ಸು ಇಪ್ಪತ್ತೆರಡೋ ಮೂರೋ. ಮುಖ ನಾನು ಸರಿಯಾಗಿ ನೋಡಲಿಲ್ಲ, ಕೈ ನೋಡಿದೆ. ಉದ್ದ, ಸಪೂರ, ನುಗ್ಗೆಕಾಯಿಯಂಥ ಕೈಗಳು. ‘ಎರಡು ಕೈ ಮೇಲೆ’ ಎಂದಾಗ ಅವು ಸದ್ದಿಲ್ಲದೆ ಮೇಲೆ ಹೋಗಿ ಕಿವಿಗೆ ತಾಗಿ ನಿಂತವು, ಬೆರಳ ತುದಿ ಕೂಡ ಅದುರಲಿಲ್ಲ. ಬಾಯಲ್ಲಿ ನನ್ನ ವಿಷಲ್ ಇತ್ತು. ಸ್ಟಾಫ್ ರೂಮಿನ ಬೀರುವಿನಲ್ಲಿ ಬಿಟ್ಟುಹೋಗಿದ್ದೆ. ಗಂಡನ ತಟ್ಟೆ ಬಿಟ್ಟರೆ ಇನ್ನೊಬ್ಬರ ಎಂಜಲು ಮುಟ್ಟದ ನಾವು! ನನ್ನ ಎಂಜಲು ಅವಳಿಗೆ ಅಸಹ್ಯವಾಗಲಿಲ್ಲ, ನೋಡುತ್ತ ನಿಂತ ನನಗೆ ಆಯಿತು. ಬಿಡುವಿನಲ್ಲಿ ಅವಳು ಓಡಿಬಂದು ನಮಸ್ಕಾರ ಟೀಚರ್ ಎಂದಳು, ವಿಷಲ್ ತೊಳೆದು ಸೆರಗಿನಲ್ಲಿ ಒರೆಸಿ ಕೊಡಲು ಬಂದಳು. ಇಟ್ಟುಕೋ ಎಂದೆ. ದೊಡ್ಡ ಮನಸ್ಸಿನಿಂದ ಹೇಳಿದ್ದಲ್ಲ. ಅದು ಇನ್ನು ಅವಳ ಎಂಜಲು.

ಬಯಲಿನಲ್ಲಿದ್ದವರು ನನ್ನ ಹುಡುಗಿಯರು. ಮೂಗು ಸೋರುವ ವಯಸ್ಸಿನಿಂದ ನಾನು ನೆಟ್ಟಗೆ ನಿಲ್ಲಿಸಿದ ಮಕ್ಕಳು. ಅವು ನನ್ನನ್ನು ನೋಡಿ ನಕ್ಕವು, ಕೈ ಬೀಸಿದವು, ಆಮೇಲೆ ಅವಳ ಕಡೆ ತಿರುಗಿ ಕೈ ಎತ್ತಿದವು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ ಎಂದು ಆಗ ಅನ್ನಿಸಿತು, ಗಂಡನಿಗೆ ಹೇಳಲಿಲ್ಲ.

ಹೆಡ್‌ಮಿಸ್ಟ್ರೆಸ್ಸು ಕೆಟ್ಟವರಲ್ಲ. ಬಾಗಿಲು ಹಾಕಿ ಕೂರಿಸಿ, ಕಾಫಿ ತರಿಸಿ ಮಾತಾಡಿದರು. ನಾನು ಹೊಲಿಗೆ ಕ್ಲಾಸು ತೆಗೆದುಕೊಳ್ಳಬಹುದು, ಕೂತು ಮಾಡುವ ಕೆಲಸ, ಮೈಗೂ ಒಳ್ಳೆಯದು ಎಂದರು. ನಾನು ಕಾಫಿ ಮುಟ್ಟದೆ ಕೂತಿದ್ದನ್ನು ನೋಡಿ ಕೊನೆಗೆ ಕನ್ನಡಕ ತೆಗೆದರು.

“ನೋಡಮ್ಮ, ಆಗಸ್ಟ್ ಹದಿನೈದಕ್ಕೆ ದೊಡ್ಡ ಡ್ರಿಲ್ ಇದೆ. ಅದಕ್ಕೆ ಮುಂಚೆ ಒಂದಿನ ನೋಡ್ತೀನಿ. ಎರಡು ಕೈನೂ ಕಿವಿಗೆ ತಾಗಿ ನೆಟ್ಟಗೆ ನಿಂತ್ರೆ ಕಟ್ಟೆ ನಿಮ್ದೇ. ಇಲ್ದಿದ್ರೆ ಆ ಹುಡುಗಿನೇ ಮುಂದುವರೀಲಿ.”

ನ್ಯಾಯವಾದ ಮಾತು. ಡ್ರಿಲ್ ಟೀಚರಿಗೆ ಕೈ ಇರಬೇಕು. ಆದರೂ ಹೊಲಿಗೆ ಕ್ಲಾಸಿನ ಕಿಟಕಿ ಬಯಲಿಗೇ ತೆರೆಯುತ್ತಿತ್ತು ಎನ್ನುವುದು ಯಾವ ನ್ಯಾಯವೂ ಅಲ್ಲ. ಒಳಗೆ ನಾನು ಕಾಜಾ ಹೊಲಿಯುವುದನ್ನು ತೋರಿಸುತ್ತಿದ್ದರೆ ಹೊರಗೆ ಅವಳ ವಿಷಲ್ ಕೇಳುತ್ತಿತ್ತು. ಸೂಜಿ ಬೆರಳಿಗೆ ಚುಚ್ಚುತ್ತಿತ್ತು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂದು ಜನ ಸಮಾಧಾನ ಮಾಡಿಕೊಳ್ಳುತ್ತಾರೆ. ಅವಳಿಗೆ ಹಲ್ಲೂ ಇತ್ತು, ಈಗ ನನ್ನ ಕಡಲೆಯೂ ಸಿಕ್ಕಿತ್ತು.

ಅಂದಿನಿಂದ ಗೋಡೆ ಹತ್ತಲು ಶುರುಮಾಡಿದೆ. ಅಡುಗೆಮನೆಯಲ್ಲಿ ಒಲೆಯ ಪಕ್ಕದ ಗೋಡೆ. ಬೆಳಿಗ್ಗೆ ಗಂಡ ರೈಲಿಗೆ ಹೊರಟ ಮೇಲೆ ಅದರ ಮುಂದೆ ನಿಂತು ಎಡಗೈ ಬೆರಳುಗಳನ್ನು ಮೇಲಕ್ಕೆ ಬಿಡುತ್ತಿದ್ದೆ. ಗೋಡೆಗೆ ಹಿಡಿದ ಮಸಿಯಲ್ಲಿ ನನ್ನ ಬೆರಳು ಹತ್ತಿದ ದಾರಿ ಕಾಣುತ್ತಿತ್ತು. ತಂತಿ ಎಳೆಯುತ್ತಿತ್ತು, ಬೆವರು ಬರುತ್ತಿತ್ತು, ಇಷ್ಟು ಸಾಕು ಎಂದು ಕೈಯೇ ಹೇಳುತ್ತಿತ್ತು. ಆಗ ಗೋಡೆಯ ಮೇಲೆ, ನನ್ನ ಬೆರಳಿಗಿಂತ ಸ್ವಲ್ಪ ಮೇಲೆ, ಅವಳ ನುಗ್ಗೆಕಾಯಿ ಕೈ ಇದೆ ಎಂದುಕೊಳ್ಳುತ್ತಿದ್ದೆ. ಅದನ್ನು ಹಿಡಿದು ಕೆಳಕ್ಕೆ ಎಳೆಯಬೇಕು. ಅಷ್ಟು ಅಂದುಕೊಂಡರೆ ಬೆರಳು ಇನ್ನೊಂದು ಅಂಗುಲ ಹೋಗುತ್ತಿತ್ತು. ದೇವರ ಹೆಸರು ಹೇಳಿಕೊಂಡೂ ಒಂದು ದಿನ ಪ್ರಯತ್ನ ಮಾಡಿದೆ. ಅಷ್ಟು ಮೇಲೆ ಹೋಗಲಿಲ್ಲ.

ಅಮ್ಮ ಮೊದಮೊದಲು ಬಾಗಿಲಲ್ಲಿ ನಿಂತು ಗೊಣಗುತ್ತಿದ್ದಳು. ನಾನು ನೋವಿಗೆ ತುಟಿ ಕಚ್ಚಿ ರಕ್ತ ಬಂದ ದಿನ ಅವಳೇ ಬಂದು ನನ್ನ ಮೊಣಕೈ ಕೆಳಗೆ ತನ್ನ ಅಂಗೈ ಕೊಟ್ಟು ನಿಂತಳು. ಬೇಡ ಎನ್ನಲಿಲ್ಲ, ಎತ್ತು ಎನ್ನಲೂ ಇಲ್ಲ. ಆಮೇಲೆ ದಿನಾ ಬರತೊಡಗಿದಳು.

ಗೋಡೆ ನನ್ನ ಕೈಯನ್ನು ಭುಜದ ಮೇಲಿನವರೆಗೆ ತಂದಿತು. ಅಲ್ಲಿಂದಾಚೆ ತಂದದ್ದು ದ್ರಾಕ್ಷಿ. ಬಾಗಲೂರಿನ ಹತ್ತಿರ ನನ್ನ ಸೋದರಮಾವನ ದ್ರಾಕ್ಷಿ ತೋಟವಿತ್ತು. ಜುಲೈನಲ್ಲಿ ಕೊಯ್ಲು. ತಲೆಗಿಂತ ಒಂದು ಗೇಣು ಮೇಲೆ ತಂತಿಯ ಚಪ್ಪರ, ಅದರಿಂದ ಇಳಿಬಿದ್ದ ಕಪ್ಪು ಗೊಂಚಲು. ಭಾನುವಾರ ಹೋಗಿ, ನಾನೂ ಕೊಯ್ಯುತ್ತೇನೆ ಎಂದೆ. ಮಾವ ಬೆಪ್ಪಾಗಿ ನೋಡಿದರು. ಟೀಚರಮ್ಮ ಕೂಲಿಗೆ ಬಂದರೆ ಊರಿನವರು ಏನೆಂದಾರು ಎಂದರು. ಕೂಲಿ ಬೇಡ, ಕೆಲಸ ಕೊಡಿ ಎಂದೆ. ಎಡಗೈಯಲ್ಲಿ ಮಾತ್ರ ಕತ್ತರಿ ಹಿಡಿದೆ. ಮೊದಲು ತೀರ ಕೆಳಗೆ ಜೋತ ಗೊಂಚಲು, ಆಮೇಲೆ ಅದರ ಮೇಲಿನದು.

ಅಲ್ಲಿಯೂ ಹೊಟ್ಟೆಕಿಚ್ಚು ಬಿಡಲಿಲ್ಲ. ಕೊಯ್ಯುವ ಹೆಂಗಸರ ಕೈಗಳು ಬೆಳಗಿನಿಂದ ಸಂಜೆವರೆಗೆ ಮೇಲೆಯೇ ಇರುತ್ತಿದ್ದವು. ಅವರು ಹಾಗೆಯೇ ಹಾಡುತ್ತಿದ್ದರು, ಹಾಗೆಯೇ ಅತ್ತೆಯರನ್ನು ಬೈಯುತ್ತಿದ್ದರು. ಒಬ್ಬಳು ಭುಜ ನೀವಿಕೊಳ್ಳುತ್ತಾ, ಈ ಕೈ ಕಡಿದು ಎಸೆಯಬೇಕು ಅನ್ನುವಷ್ಟು ನೋಯುತ್ತದೆ ಎಂದಳು. ಬೇಡವಾದರೆ ನನಗೆ ಕೊಡು ಎಂದೆ. ನಾನು ತಮಾಷೆ ಮಾಡಿದೆನೆಂದು ಎಲ್ಲರೂ ನಕ್ಕರು. ಬುಟ್ಟಿಯಲ್ಲಿ ಅವಳ ಗೊಂಚಲುಗಳು ತುಂಬಿ ತುಳುಕುತ್ತಿದ್ದವು, ನನ್ನದರಲ್ಲಿ ತಳ ಕಾಣುತ್ತಿತ್ತು.

ಆದರೂ ಕೈ ಏಳುತ್ತಿತ್ತು. ಜುಲೈ ಕೊನೆಗೆ ಕಣ್ಣಿನ ಮಟ್ಟ ದಾಟಿತು. ಒಂದು ಭಾನುವಾರ ಬೆರಳ ತುದಿಗೆ ಚಪ್ಪರದ ತಂತಿ ತಾಗಿತು. ತಣ್ಣಗಿತ್ತು. ನಾನು ಅದನ್ನು ಹಿಡಿದುಕೊಂಡು, ಬಿಡದೆ, ಎಷ್ಟೋ ಹೊತ್ತು ಬಸ್ಸಿನ ಕಂಬಿ ಹಿಡಿದವರ ಹಾಗೆ ನಿಂತಿದ್ದೆ. ಆ ಹೆಂಗಸರಿಗೆ ನನ್ನ ತಲೆ ಕೆಟ್ಟಿದೆ ಅನ್ನಿಸಿರಬೇಕು.

ನೋಡುತ್ತೇನೆ ಎಂದಿದ್ದ ದಿನ ಬಂತು. ಹುಡುಗಿಯರೆಲ್ಲ ಸಾಲಾಗಿ ನಿಂತರು. ಹೆಡ್‌ಮಿಸ್ಟ್ರೆಸ್ಸು ಮೊಗಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಬದಲಿ ಟೀಚರ್ ಬಯಲಿನ ಬದಿಯಲ್ಲಿ ಕೈಕಟ್ಟಿ ನಿಂತಳು. ಅವಳ ಕೈ ಕಟ್ಟಿದ್ದು ನೋಡಿ ನನಗೆ ಒಂದು ಥರ ಖುಷಿಯಾಯಿತು. ಸೆರಗು ಬಿಗಿದೆ. ರವಿಕೆಯ ಎಡಗಡೆ ತುಂಬಿದ್ದ ಹತ್ತಿ ಸರಿದೀತೆಂದು ಹಿಂದಿನ ದಿನವೇ ಹೊಲಿದುಕೊಂಡಿದ್ದೆ. ಹೊಲಿಗೆ ಕ್ಲಾಸಿನಿಂದ ಅಷ್ಟಾದರೂ ಉಪಯೋಗವಾಯಿತು. ಕಟ್ಟೆ ಹತ್ತಿದೆ. ಪಿಸುಮಾತು ಅಡಗಿತು.

ಎಡಗಾಲು, ಬಲಗಾಲು, ಸೊಂಟದ ಮೇಲೆ ಕೈ, ಕೈ ಮುಂದಕ್ಕೆ, ಕೈ ಪಕ್ಕಕ್ಕೆ. ಎಲ್ಲವೂ ಸಲೀಸಾಗಿ ಆಯಿತು. ಆಮೇಲೆ ‘ಎರಡು ಕೈ ಮೇಲೆ’ ಎಂದು ಕೂಗಿದೆ.

ಬಲಗೈ ಹೋಗಿ ಕಿವಿಗೆ ತಾಗಿತು. ಎಡಗೈ ಭುಜ ದಾಟಿತು, ಗಲ್ಲ ದಾಟಿತು, ಕಣ್ಣು ದಾಟಿತು, ತಲೆಯ ಮೇಲಕ್ಕೂ ಹೋಯಿತು. ಆದರೆ ತೋಳಿನಿಂದ ಕಿವಿ ಇನ್ನೂ ಒಂದು ಗೇಣು ದೂರವಿತ್ತು. ತಂತಿ ಎಳೆಯಿತು. ತುಟಿ ಕಚ್ಚಿದೆ. ಕೈ ಕಿವಿಗೆ ಬಾರದೆ ಹೋದಾಗ, ನಾನೇನು ಮಾಡಿದೆನೋ ಆ ಕ್ಷಣದಲ್ಲಿ ನನಗೇ ತಿಳಿಯಲಿಲ್ಲ, ಕಿವಿಯನ್ನೇ ಕೈಗೆ ಕೊಟ್ಟೆ. ಸೊಂಟವನ್ನು ಒಂದು ಕಡೆಗೆ ತಳ್ಳಿ, ತಲೆ ವಾಲಿಸಿ, ಕಿವಿಯನ್ನು ತೋಳಿಗೆ ಒತ್ತಿ ನಿಂತೆ. ತಾಗಿತು! ಗೆದ್ದೆ ಎಂದುಕೊಂಡೆ.

ಆಮೇಲೆ ಎದುರಿಗೆ ನೋಡಿದೆ. ಅಷ್ಟೂ ಹುಡುಗಿಯರ ಬಲಗೈ ಮೊಣಕೈಯಲ್ಲಿ ಸೊಟ್ಟಗಾಗಿತ್ತು. ಅಷ್ಟೂ ಸೊಂಟ ಪಕ್ಕಕ್ಕೆ ಹೋಗಿತ್ತು. ಅಷ್ಟೂ ತಲೆ ಬಲಕ್ಕೆ ವಾಲಿ ಕಿವಿ ತೋಳಿಗೆ ಅಂಟಿತ್ತು. ಮುಂದಿನ ಸಾಲಿನ ಮಕ್ಕಳು ಕೆಳತುಟಿಯನ್ನೂ ಕಚ್ಚಿಕೊಂಡಿದ್ದವು. ಹೊಸ ಡ್ರಿಲ್ ಎಂದುಕೊಂಡಿದ್ದವೋ ಏನೋ, ಮುಖದಲ್ಲಿ ನಗು ಇಲ್ಲ, ಗೇಲಿ ಇಲ್ಲ, ಭಯಭಕ್ತಿಯಿಂದ ನಿಂತಿದ್ದವು. ಇಡೀ ಬಯಲು ಗಾಳಿಗೆ ಮಲಗಿದ ರಾಗಿ ಹೊಲದ ಹಾಗೆ ಒಂದೇ ಕಡೆಗೆ ವಾಲಿತ್ತು. ನಾನು ಹೇಗೆ ನಿಂತಿದ್ದೇನೆ ಎಂಬುದು ನನಗೆ ಆಗ ಗೊತ್ತಾಯಿತು. ಅಷ್ಟು ಕನ್ನಡಿಗಳ ಮುಂದೆ ಯಾವ ಹೆಂಗಸನ್ನೂ ನಿಲ್ಲಿಸಬಾರದು.

ಹೆಡ್‌ಮಿಸ್ಟ್ರೆಸ್ಸು ಗದರಲಿಲ್ಲ. ಹತ್ತಿರ ಬಂದು, ಮಕ್ಕಳಿಗೆ ಕೇಳಿಸದ ಹಾಗೆ, ಈ ವರ್ಷ ಆ ಹುಡುಗಿಯೇ ಮಾಡಲಿ, ಮಕ್ಕಳ ಮೈ ಸೊಟ್ಟಗಾಗಬಾರದಲ್ಲ ಎಂದರು. ಆಗಲಿ ಎಂದೆ. ಇಳಿಯುವಾಗ ಕಟ್ಟೆ ಎಷ್ಟು ಎತ್ತರವಿದೆ ಎಂದು ಮೊದಲ ಸಲ ಅನ್ನಿಸಿತು.

ಶಾಲೆಯ ಹಿಂದೆ ಹೊಂಗೆಮರದ ಕೆಳಗಿನ ಕಲ್ಲಿನ ಮೇಲೆ ಹೋಗಿ ಕೂತೆ. ಅಳು ಬರಲಿಲ್ಲ, ಕೋಪ ಬಂದಿತ್ತು. ಅಮ್ಮನ ಮೇಲೆ, ಪಂಚೆಯ ಮೇಲೆ, ರೋಗದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನುಗ್ಗೆಕಾಯಿ ಕೈಗಳ ಮೇಲೆ. ಅಷ್ಟರಲ್ಲಿ ಅವಳು ಬಂದಳು. ಸಮಾಧಾನ ಮಾಡಲು ಬಂದಿದ್ದಾಳೆ, ಬಾಯಿ ತೆರೆಯಲಿ, ತಕ್ಕ ಉತ್ತರ ಕೊಡುತ್ತೇನೆ ಎಂದು ಸಿದ್ಧಳಾಗಿ ಕೂತೆ. ನೋಡಿದರೆ ಅವಳ ಕಣ್ಣು ಕೆಂಪಾಗಿತ್ತು, ಮೂಗು ಸೋರುತ್ತಿತ್ತು. ಅವಳ ಮುಖವನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ಅವಳೂ ಕೋಪದಲ್ಲಿದ್ದಳು.

“ಕಟ್ಟೆ ನಂಗೆ ಸಿಕ್ತು ಅಂತ ಎಲ್ರೂ ಹೇಳ್ತಿದಾರೆ ಟೀಚರ್. ಇಷ್ಟು ತಿಂಗಳಿಂದ ಗಂಟ್ಲು ಹರ್ಕೊಂಡಿದೀನಿ, ಒಂದಿನಾನಾದ್ರೂ ಆ ಮಕ್ಕಳು ನನ್ ಥರ ನಿಂತಿದಾವಾ? ನಾನು ವಿಷಲ್ ಊದಿದ್ರೆ ನಿಮ್ ಹೊಲಿಗೆ ಕ್ಲಾಸಿನ ಕಿಟಕಿ ನೋಡ್ತಾವೆ. ನೀವಿವತ್ತು ಸೊಟ್ಟಗೆ ನಿಂತ್ರಿ, ಅಷ್ಟೂ ಸೊಟ್ಟಗೆ ನಿಂತ್ವು. ತುಟಿ ಕಚ್ಚಿದ್ರಿ, ಅವೂ ಕಚ್ಕೊಂಡ್ವು. ನಂಗೆ ಹೊಟ್ಟೆ ಉರೀತಿದೆ.”

ಸೆರಗಿನಿಂದ ಮೂಗು ಒರೆಸಿಕೊಂಡಳು. ಆ ಉದ್ದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

ದೊಡ್ಡವಳಾಗಿ ನಾನು ಆಗ ಅವಳ ಬೆನ್ನು ಸವರಬೇಕಿತ್ತು, ಅವು ಇನ್ನೂ ಮಕ್ಕಳು, ಬರುಬರುತ್ತಾ ಸರಿಹೋಗುತ್ತವೆ ಎನ್ನಬೇಕಿತ್ತು. ಆದರೆ ‘ದುರ್ಮಾಂಸ ಪೂರ್ತಿ ಹೋಗಿದೆ, ಇನ್ನು ಬದುಕುತ್ತೀರಿ’ ಎಂದು ಡಾಕ್ಟರು ಹೇಳಿದಾಗಲೂ ನನ್ನ ಮೈಯಲ್ಲಿ ಹೀಗೆ ರಕ್ತ ಹರಿದಿರಲಿಲ್ಲ. ಕಲ್ಲಿನ ಮೇಲೆ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿಕೊಟ್ಟೆ.

“ಇನ್ನೊಂದ್ಸಲ ಹೇಳಮ್ಮ,” ಎಂದೆ.